ನಂದಿ ತಪ್ಪಲಿನ ಕೆಂಪು ವೈನ್

ನಮ್ಮ ನಾಗಲಮಡಿಕೆಯಲ್ಲಿ ಹರಿಯುವ ಉತ್ತರ ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟಗಳ ಸಾಲಿನಲ್ಲಿ. ಅದೇ ನಂದಿಯ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಕನ್ವಲ್ ಗ್ರೋವರ್ ವೈನ್ ಕಂಪನಿ ಶುರುಮಾಡಿದರು. ಜೊತೆಗಿದ್ದವರು ಫ್ರಾನ್ಸಿನ ಜಾರ್ಜ್ ವೆಸೆಲ್.

ಆ ಸೀಮೆಯ ರೈತರು ಮೊದಲಿನಿಂದ ಬೆಳೆಯುತ್ತಿದ್ದದ್ದು 'ಬೆಂಗಳೂರು ಬ್ಲೂ' ದ್ರಾಕ್ಷಿ. ಗ್ರೋವರ್ ನೆಟ್ಟದ್ದು ಫ್ರೆಂಚ್ ತಳಿಗಳನ್ನು. ಅವರ ದುಬಾರಿ ಕೆಂಪು ವೈನ್ 'ಲಾ ರಿಸರ್ವ್'ಗೆ ಕ್ಯಾಬರ್ನೆ, ಶಿರಾಜ್ ಹಣ್ಣುಗಳೇ ಬೇಕು. ಅದು ಫ್ರೆಂಚ್ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗುತ್ತದೆ. ಮರದೊಳಗೆ ತುಸುತುಸುವೇ ನುಸುಳುವ ಗಾಳಿ ಸಿಪ್ಪೆ, ಬೀಜಗಳಿಂದ ಬಂದ ಒಗರನ್ನು ಮೆದು ಮಾಡುತ್ತದೆ.

ಆದರೆ ಮಾಗಿಸಲು ಒಳ್ಳೆ ಹಣ್ಣು ಇದ್ದರೆ ಸಾಲದು, ಅಷ್ಟು ದಿನ ಕಾಯುವ ದುಡ್ಡೂ ಇರಬೇಕು. ಕಡಲೆಕಾಯಿ ಕಿತ್ತ ಕೂಡಲೇ ಬಂದ ಬೆಲೆಗೆ ಮಾರಿ ಸಾಲ ತೀರಿಸುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವೇನಂತೀರಿ?