ಮನೆಮನೆ ಆರೋಗ್ಯ ಸಮೀಕ್ಷೆಯ ತೂಕಗಳು: ದಾವಣಗೆರೆ ಮತ್ತು ಹರಿಹರ

ಮನೆಮನೆ ಆರೋಗ್ಯ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಸಂಖ್ಯೆ ಕೂರುತ್ತದೆ. ಅವರು ತಮ್ಮಂಥ ಎಷ್ಟು ಮಂದಿಯ ಪರವಾಗಿ ಉತ್ತರಿಸಿದ್ದಾರೆ ಎಂಬ ಲೆಕ್ಕ ಅದು. ಇದನ್ನೇ ತೂಕ ಎನ್ನುತ್ತಾರೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರ ಬಾಯಲ್ಲಿ ‘ಮಲ್ಟಿಪ್ಲೈಯರ್’. ಆಯ್ಕೆಯಾಗುವ ಅವಕಾಶ ನೂರಕ್ಕೆ ಒಂದು ಇದ್ದವರ ತೂಕ ನೂರು, ಸಾವಿರಕ್ಕೆ ಒಂದು ಇದ್ದವರದು ಸಾವಿರ. ಅವಕಾಶ ಎಲ್ಲರಿಗೂ ಸಮನಾಗಿದ್ದರೆ ಈ ಲೆಕ್ಕದ ಗೊಡವೆಯೇ ಇಲ್ಲ. ದಾವಣಗೆರೆ ನಗರ ಮತ್ತು ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದಂಥ ಊರುಗಳಲ್ಲಿ ಅದು ಸಮನಾಗಿರುವುದು ಅಪರೂಪ.

ಹಿನ್ನೆಲೆ

ಮಾದರಿ ಸಮೀಕ್ಷೆಗೆ ಗಣಿತದ ಬುನಾದಿ ಹಾಕಿದ್ದು 1934ರಲ್ಲಿ ಬಂದ ಜರ್ಜಿ ನೇಮನ್ ಅವರ ಪ್ರಬಂಧ. ದೊಡ್ಡ ಊರಿಗೆ ಹೆಚ್ಚು, ಸಣ್ಣ ಊರಿಗೆ ಕಡಿಮೆ ಅವಕಾಶ ಕೊಟ್ಟು ಆರಿಸುವ ಕ್ರಮವನ್ನು 1943ರಲ್ಲಿ ಅಮೆರಿಕದ ಹ್ಯಾನ್ಸನ್ ಮತ್ತು ಹರ್ವಿಟ್ಜ್ ರೂಪಿಸಿದರು. ಅವಕಾಶದ ವಿಲೋಮವೇ ತೂಕ ಎಂಬ ಸೂತ್ರ ಸಾರ್ವತ್ರಿಕ ರೂಪ ಪಡೆದದ್ದು 1952ರಲ್ಲಿ, ಹಾರ್ವಿಟ್ಜ್ ಮತ್ತು ಥಾಂಪ್ಸನ್ ಅವರಿಂದ. ಭಾರತದಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1930ರ ದಶಕದಲ್ಲೇ ಬಂಗಾಳದ ಸೆಣಬಿನ ಬೆಳೆಯ ಅಂದಾಜಿಗೆ ಮಾದರಿ ಸಮೀಕ್ಷೆಯ ದಾರಿ ಹಿಡಿದಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ಸೂತ್ರವನ್ನು ಕಣ್ಣುಮುಚ್ಚಿ ನಂಬಬಾರದೆಂದು ಎಚ್ಚರಿಸಿದವರೂ ಇಲ್ಲಿಯವರೇ. ದೇಬಬ್ರತ ಬಸು 1971ರಲ್ಲಿ ಹೇಳಿದ ಸರ್ಕಸ್ ಆನೆಗಳ ಕಥೆ ಇಂದಿಗೂ ತರಗತಿಗಳಲ್ಲಿ ನಗೆ ಎಬ್ಬಿಸುತ್ತದೆ. ಐವತ್ತು ಆನೆಗಳ ಒಟ್ಟು ಭಾರ ಅಂದಾಜಿಸಬೇಕು, ತೂಗಲು ಸಿಗುವುದು ಒಂದೇ ಆನೆ. ಮಧ್ಯಮ ಗಾತ್ರದ ಸಾಂಬೋಗೆ 100ಕ್ಕೆ 99ರ ಅವಕಾಶ ಕೊಟ್ಟು, ಉಳಿದವಕ್ಕೆ 4900ಕ್ಕೆ ಒಂದರಂತೆ ಕೊಟ್ಟರೆ, ಸಾಂಬೋ ಬಂದಾಗ ಇಡೀ ಹಿಂಡಿನ ಅಂದಾಜು ಒಂದು ಆನೆಯ ಭಾರಕ್ಕಿಂತ ತುಸು ಹೆಚ್ಚು, ಅಷ್ಟೇ! ಸೂತ್ರ ತಪ್ಪಲ್ಲ, ಆಯ್ಕೆಯ ಅವಕಾಶಗಳನ್ನು ಹಂಚಿದ ಬಗೆ ತಪ್ಪು.

ಈ ಸೀಮೆಗೆ ಇನ್ನೂ ಹತ್ತಿರದ ಹೆಸರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ (1920–2023) ಅವರದು. ಅವರು ಹುಟ್ಟಿದ್ದು ಹರಪನಹಳ್ಳಿಯ ನೆರೆಯ ಹೂವಿನಹಡಗಲಿಯಲ್ಲಿ. ಮಾಹಿತಿ ಕೈಗೆ ಬರುವ ದಾರಿಯೇ ಮಾಹಿತಿಯನ್ನು ಹೇಗೆ ವಾಲಿಸುತ್ತದೆ ಎಂಬುದಕ್ಕೆ 1965ರಲ್ಲಿ ಅವರು ‘ತೂಕಗೊಂಡ ವಿತರಣೆ’ಗಳ ಸಾಮಾನ್ಯ ಸಿದ್ಧಾಂತ ಕೊಟ್ಟರು. ಅವರ ಉದಾಹರಣೆ ಸರಳ. ತರಗತಿಯ ಹುಡುಗರನ್ನು ನಿಲ್ಲಿಸಿ, ನೀವೂ ಸೇರಿ ನಿಮ್ಮ ಮನೆಯಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಎಂದು ಕೇಳಿ ಕೂಡಿದರೆ ಗಂಡಿನ ಲೆಕ್ಕ ಏರಿಯೇ ಇರುತ್ತದೆ. ಹೆಣ್ಣುಮಕ್ಕಳು ಮಾತ್ರ ಇರುವ ಮನೆ ಆ ತರಗತಿಗೆ ಬರುವುದೇ ಇಲ್ಲ. ಗಂಡುಮಕ್ಕಳು ಹೆಚ್ಚಿದ್ದಷ್ಟೂ ಆ ಮನೆ ಕೈಗೆ ಸಿಗುವ ಅವಕಾಶ ಹೆಚ್ಚು.

ಜಿಲ್ಲೆಗೆ ಬಂದ ಲೆಕ್ಕ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ. ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ಅದಕ್ಕೂ ಮುಂಚೆ, 1992–93ರಲ್ಲಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತು ನಡೆಸಿದಾಗ ಅಂಕಿಅಂಶ ರಾಜ್ಯ ಮಟ್ಟಕ್ಕಷ್ಟೇ ಸೀಮಿತ. 1998–99 ಮತ್ತು 2005–06ರ ಸುತ್ತುಗಳೂ ಹಾಗೆಯೇ. ಜಿಲ್ಲೆಗೊಂದು ಚಿತ್ರ ಕೊಡುವ ಕೆಲಸವನ್ನು ಜಿಲ್ಲಾ ಮಟ್ಟದ ಗೃಹ ಸಮೀಕ್ಷೆ ವಹಿಸಿಕೊಂಡಿತು. ಅದರ ಎರಡನೇ ಸುತ್ತು (2002–04) 2001ರ ಜನಗಣತಿಯ 593 ಜಿಲ್ಲೆಗಳಲ್ಲಿ ನಡೆಯಿತು. 2015–16ರ ನಾಲ್ಕನೇ ಸುತ್ತಿನಿಂದ ಕುಟುಂಬ ಆರೋಗ್ಯ ಸಮೀಕ್ಷೆಯೇ ಜಿಲ್ಲೆಗಿಳಿಯಿತು.

ಜಿಲ್ಲೆಗಿಳಿದದ್ದರಿಂದ ತೂಕದ ಕೆಲಸ ಹೆಚ್ಚಿತು. ದೊಡ್ಡ ಜಿಲ್ಲೆಗೂ ಸಣ್ಣ ಜಿಲ್ಲೆಗೂ ಹೆಚ್ಚುಕಡಿಮೆ ಅಷ್ಟಷ್ಟೇ ಮನೆಗಳನ್ನು ಆರಿಸಬೇಕಾಯಿತು. ರಾಜ್ಯದ ಸರಾಸರಿ ತೆಗೆಯುವಾಗ ಅದನ್ನು ಸರಿದೂಗಿಸುವ ಹೊಣೆ ತೂಕದ ಮೇಲೆ ಬಿತ್ತು. 2019ರಲ್ಲಿ ನಡೆದ ಐದನೇ ಸುತ್ತಿನಲ್ಲಿ ಕರ್ನಾಟಕದ 26,574 ಮನೆಗಳು ಸಿಕ್ಕವು. 30 ಜಿಲ್ಲೆಗೆ ಹಂಚಿದರೆ ತಲಾ 886, ಗುಂಪಿಗೆ 22 ಮನೆಯಂತೆ ಸುಮಾರು 40 ಗುಂಪು. 2011ರಲ್ಲಿ ದಾವಣಗೆರೆ ಜಿಲ್ಲೆಯ ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಜನ ಪೇಟೆಯವರು. ಆ ಪಾಲಿನಲ್ಲಿ ದಾವಣಗೆರೆ ನಗರ ಸಿಂಹಪಾಲು ತೆಗೆದುಕೊಂಡ ಮೇಲೆ ಹರಿಹರಕ್ಕೆ ಉಳಿಯುವುದು ಬೆರಳೆಣಿಕೆಯ ಗುಂಪುಗಳು. ಆದ್ದರಿಂದ ಈ ಸಮೀಕ್ಷೆಯನ್ನು ಹಿಡಿದು ‘ಹರಿಹರದಲ್ಲಿ ರಕ್ತಹೀನತೆ ಇಷ್ಟು’ ಎಂದು ಹೇಳುವುದು ಸರಿಯಲ್ಲ, ತೂಕ ಎಷ್ಟೇ ಅಚ್ಚುಕಟ್ಟಾಗಿರಲಿ.

ಒಂದು ಬ್ಲಾಕಿನ ಲೆಕ್ಕ

ಪೇಟೆಯಲ್ಲಿ ಇಂಥ ಒಂದು ಗುಂಪನ್ನು ಆರಿಸುವುದು ಒಂದು ಗಣತಿ ಬ್ಲಾಕಿನಿಂದ, ಅಂದರೆ ಜನಗಣತಿಗೆಂದು ಗುರುತಿಸಿದ ಬೀದಿಗಳ ತುಂಡಿನಿಂದ. ದಾವಣಗೆರೆಯ ಹೊರವಲಯದಲ್ಲಿ ಅಂಥದೊಂದು ಬ್ಲಾಕ್ ಇದೆ ಎಂದಿಟ್ಟುಕೊಳ್ಳೋಣ. 2011ರ ಗಣತಿಯಲ್ಲಿ ಅಲ್ಲಿ 120 ಸಂಸಾರ. ಬ್ಲಾಕ್ ಆಯ್ಕೆಯಾಗುವ ಅವಕಾಶ ಆ 120ರ ಅನುಪಾತದಲ್ಲಿ ನಿಗದಿಯಾಗಿರುತ್ತದೆ. ಸಂದರ್ಶನಕ್ಕೆ ಮುಂಚೆ ಇಬ್ಬರು ಬಂದು, ಒಬ್ಬರು ನಕ್ಷೆ ಬಿಡಿಸುತ್ತ ಇನ್ನೊಬ್ಬರು ಪಟ್ಟಿ ಬರೆಯುತ್ತ ಬೀದಿ ಸುತ್ತುತ್ತಾರೆ. ವಠಾರಕ್ಕೆ ಬಾಗಿಲು ಒಂದೇ ಇದ್ದರೂ ಒಲೆ ಆರು ಇದ್ದರೆ ಆರು ಸಂಸಾರ. ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆಯಲ್ಲಿ ಯಾರಾದರೂ ಅಡುಗೆ ಮಾಡಿಕೊಂಡು ಇದ್ದರೆ ಅದೂ ಒಂದು. ಸುತ್ತಿ ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿ 180 ಸಂಸಾರ. ಆರಿಸುವುದು ಮಾತ್ರ 22. ಹಳೆಯ ಲೆಕ್ಕ ನಿಜವಾಗಿದ್ದರೆ ಇದ್ದ ಅವಕಾಶಕ್ಕಿಂತ ಒಂದೊಂದು ಮನೆಯ ಅವಕಾಶ ತಗ್ಗಿತು, ತೂಕ ಒಂದೂವರೆ ಪಟ್ಟಾಯಿತು. ಇಪ್ಪತ್ತೆರಡರಲ್ಲಿ ಇಪ್ಪತ್ತು ಮನೆಯವರು ಮಾತ್ರ ಉತ್ತರಿಸಿದರೆ, ಉಳಿದೆರಡರ ಪಾಲು ಇವರಿಗೆ ಹಂಚಿಕೆಯಾಗಿ 1.5 ಎಂಬುದು 1.65 ಆಗುತ್ತದೆ. ಈ ಹಂಚಿಕೆಯನ್ನು ಬ್ಲಾಕಿನ ಮಟ್ಟದಲ್ಲೂ ಮಾಡಬಹುದು, ಹಲವು ಬ್ಲಾಕು ಸೇರಿದ ಸ್ತರದ ಮಟ್ಟದಲ್ಲೂ ಮಾಡಬಹುದು.

ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಹೋಗುವಂತಿಲ್ಲ. ಬಿಸಿಲು ಹೊತ್ತಿನಲ್ಲಿ ಸದಾ ಬಾಗಿಲು ತೆರೆದಿರುವ ಮನೆ ವಯಸ್ಸಾದವರ ಮನೆ. ಗಂಡಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಮನೆಗೆ ಅದು ಬದಲಿಯಾಗಲಾರದು. ಮತ್ತೆ ಬರಬೇಕು, ಸಂಜೆ ಬರಬೇಕು.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ 15ರಿಂದ 49 ವರ್ಷದ ಹೆಂಗಸರೆಲ್ಲ ಸಂದರ್ಶನಕ್ಕೆ ಅರ್ಹರು. ಹೆರಿಗೆಗೆಂದು ಹರಿಹರದ ತವರಿಗೆ ಬಂದ ಮಗಳು ತವರಿನ ಬ್ಲಾಕಿನ ತೂಕವನ್ನೇ ಹೊರುತ್ತಾಳೆ, ಗಂಡನ ಮನೆಯದನ್ನಲ್ಲ. ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಮಾತ್ರ, ಗುಟ್ಟು ಉಳಿಯಲೆಂದು, ಮನೆಗೆ ಒಬ್ಬಳಿಗೇ ಕೇಳುತ್ತಾರೆ. ಅರ್ಹರು ಮೂವರಿದ್ದರೆ ಅವಳ ಉತ್ತರ ಮೂರು ಪಟ್ಟು ತೂಗಬೇಕು; ಇದಕ್ಕೆ ಬೇರೆಯೇ ತೂಕ ಇರುತ್ತದೆ. ಗಂಡಸರಿಗೂ ಬೇರೆ. ದತ್ತಾಂಶದ ಕಡತದಲ್ಲಿ ಇವು ದಶಮಾಂಶ ಬಿಂದು ಇಲ್ಲದೆ, ಹತ್ತು ಲಕ್ಷದಿಂದ ಗುಣಿಸಿ ಬರೆದಿರುತ್ತವೆ. ಸರಾಸರಿ ತೂಕ ಒಂದು ಬರುವಂತೆ ಹೊಂದಿಸಿರುವುದರಿಂದ ಇವುಗಳಿಂದ ಪ್ರಮಾಣ ಸಿಗುತ್ತದೆಯೇ ಹೊರತು ಜನರ ಒಟ್ಟು ಸಂಖ್ಯೆ ಸಿಗದು.

ಒಂದೇ ರಾಜ್ಯ, ಎರಡು ಉತ್ತರ

2020ರ ಕೋವಿಡ್ ವರ್ಷ ಈ ವಿಷಯವನ್ನು ಪತ್ರಿಕೆಗಳವರೆಗೂ ತಂದಿತು. ಜೂನ್–ಆಗಸ್ಟ್‌ನಲ್ಲಿ ಮನೋಜ್ ಮೋಹನನ್ ಮತ್ತು ಸಂಗಡಿಗರು ಕರ್ನಾಟಕದ 20 ಜಿಲ್ಲೆಗಳ ಮನೆಗಳಲ್ಲಿ ರಕ್ತ ಪರೀಕ್ಷೆ ನಡೆಸಿ, ಸರಿಹೊಂದಿಸಿದ ಲೆಕ್ಕದಲ್ಲಿ ಶೇ. 46.7 ಜನರಿಗೆ ಸೋಂಕು ತಗುಲಿರಬಹುದು ಎಂದರು. ಸೆಪ್ಟೆಂಬರ್‌ನಲ್ಲಿ ಸರ್ಕಾರದ ಸಮೀಕ್ಷೆ ಹೇಳಿದ್ದು ಶೇ. 27.3. ಒಂದರ ಮಾದರಿ ಮನೆಗಳಿಂದ ಬಂದದ್ದು. ಇನ್ನೊಂದರದು ಆಸ್ಪತ್ರೆಗೆ ಬಂದ ಗರ್ಭಿಣಿಯರು, ಬಸ್ ಕಂಡಕ್ಟರುಗಳು, ವ್ಯಾಪಾರಿಗಳು, ವೃದ್ಧರು ಎಂದು ಅಪಾಯದ ಗುಂಪು ಮಾಡಿ ಆರಿಸಿದ್ದು. ಪರೀಕ್ಷೆಗಳೂ ಬೇರೆ ಬೇರೆ. ಎರಡರಲ್ಲೂ ತೂಕ ಹಾಕಿದ್ದರು, ಪರೀಕ್ಷೆಯ ದೋಷಕ್ಕೂ ತಿದ್ದುಪಡಿ ಮಾಡಿದ್ದರು. ಅಂತರ ಮುಚ್ಚಲಿಲ್ಲ.

ಪಟ್ಟಿಯ ಹೊರಗೆ

ತೂಕದಿಂದ ಸರಿಹೋಗುವುದು ಅವಕಾಶದ ಏರುಪೇರು ಮಾತ್ರ. ಅವಕಾಶವೇ ಇಲ್ಲದವರನ್ನು ಅದು ತರಲಾರದು. ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಹಾಸ್ಟೆಲ್ ವಾಸಿಗಳು ಕಡಿಮೆಯಿಲ್ಲ. ಅವರು ಮನೆಗಳ ಮಾದರಿಗೆ ಸೇರುವುದಿಲ್ಲ. ಬಸ್ ನಿಲ್ದಾಣದ ಬಳಿ ಮಲಗುವವರೂ ಇಲ್ಲ. ಹರಿಹರದ ತೊಡಕು ಬೇರೆ: ತುಂಗಭದ್ರೆ ದಾಟಿದರೆ ಕುಮಾರಪಟ್ಟಣಂ, ಅಲ್ಲಿನ ಕಾರ್ಖಾನೆ, ಹಾವೇರಿ ಜಿಲ್ಲೆ. ಒಂದೇ ಊರಿನಂತೆ ಬಾಳುವ ಎರಡು ದಡಗಳು ಎರಡು ಜಿಲ್ಲೆಗಳ ಮಾದರಿಗೆ ಹಂಚಿಹೋಗಿವೆ.

ಗಡಿಯ ಮಾತು ಬಂದದ್ದರಿಂದ ಹರಪನಹಳ್ಳಿಯನ್ನೂ ಹೇಳಬೇಕು. ಐದನೇ ಸುತ್ತು ಅನುಸರಿಸಿದ್ದು 2017ರ ಮಾರ್ಚ್ 31ರಂದು ಇದ್ದ ಜಿಲ್ಲೆಗಳನ್ನು. ಹರಪನಹಳ್ಳಿ ಬಳ್ಳಾರಿಗೆ ಮರಳಿದ್ದು 2018ರಲ್ಲಿ, ಆಮೇಲೆ ಅದು ವಿಜಯನಗರ ಜಿಲ್ಲೆಗೆ ಸೇರಿತು. ಹಾಗಾಗಿ 2019ರ ‘ದಾವಣಗೆರೆ ಜಿಲ್ಲೆ’ಯ ಅಂಕಿಗಳಲ್ಲಿ ಇಂದಿನ ಜಿಲ್ಲೆಯಲ್ಲಿಲ್ಲದ ಒಂದು ತಾಲ್ಲೂಕು ಸೇರಿಕೊಂಡಿದೆ. ಸುತ್ತಿನಿಂದ ಸುತ್ತಿಗೆ ಏರಿಳಿತ ಹೋಲಿಸುವವರು ಇದನ್ನು ಗಮನಿಸಬೇಕು.

2021ರ ಜನಗಣತಿ ನಡೆಯದ ಕಾರಣ ಬ್ಲಾಕುಗಳನ್ನು ಆರಿಸುವ ಚೌಕಟ್ಟು 2011ರದೇ ಉಳಿದಿದೆ. ಮುಂದಿನ ಜನಗಣತಿಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದ್ದು, ಎಣಿಕೆಯ ಆಧಾರ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ದಾವಣಗೆರೆಯ ಹೊಸ ಬಡಾವಣೆಗಳ ಮನೆಗಳು ಸಮೀಕ್ಷೆಗೆ ಬರುವುದು ಹಳೆಯ ಬ್ಲಾಕಿನ ಎಲ್ಲೆಯೊಳಗೇ, ಪಟ್ಟಿ ಬರೆಯಲು ಬಂದವರ ಕಣ್ಣಿಗೆ ಬಿದ್ದರೆ ಮಾತ್ರ.