ಕಾವೇರಿ ನೀರು, ಬೋರ್ ನೀರು, ಕ್ಯಾನಿಸ್ಟರ್ ಫಿಲ್ಟರ್: ಹಳೆಯ ಬೆಂಗಳೂರಿನ ಮನೆ-ಅಕ್ವೇರಿಯಂಗಳ ನಿರ್ವಹಣೆ ಕುರಿತು

ಮೀನಿನ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂತ ಕ್ಯಾನಿಸ್ಟರ್ ಫಿಲ್ಟರ್ ಕೈಕೊಟ್ಟಾಗ ಮೊದಲ ಅನುಮಾನ ಬೀಳುವುದು ಅದರ ಮೋಟಾರಿನ ಮೇಲೆ. ಎರಡನೆಯದು ಅದನ್ನು ಮಾರಿದ ಅಂಗಡಿಯ ಮೇಲೆ. ನಲ್ಲಿಯಲ್ಲಿ ಬರುವ ನೀರನ್ನು ಅನುಮಾನಿಸುವವರು ಕಡಿಮೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳ ಮಟ್ಟಿಗಾದರೂ ಈ ಅನುಮಾನದ ಸರದಿಯನ್ನು ತಿರುಗಿಸಬೇಕು ಎಂಬುದು ಈ ಲೇಖನದ ವಾದ. ಇಲ್ಲಿನ ಅನೇಕ ಮನೆಗಳ ಸಂಪಿಗೆ ಎರಡು ಬಗೆಯ ನೀರು ಬೀಳುತ್ತದೆ. ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಫಿಲ್ಟರಿನ ಪೆಟ್ಟಿಗೆಯಲ್ಲಿ ಬರುವ ಕೈಪಿಡಿ ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ಬರೆದದ್ದಲ್ಲ.

ಊರಿನ ನೀರು, ಊರಿನ ಸೋಸುಗ

ಚಾಮರಾಜಪೇಟೆ 1892ರ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗಿನ ನಂತರ. ಅಷ್ಟರಲ್ಲಾಗಲೇ, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ಊರಿಗೆ ಕೊಳವೆ ನೀರು ಬಂದಿತ್ತು. ಆ ನೀರನ್ನು ಸೋಸಲು ಮುಂದೆ ಮಲ್ಲೇಶ್ವರದಲ್ಲಿ ಜ್ಯುವೆಲ್ ಮಾದರಿಯ ಮರಳು ಸೋಸುಗಗಳು ಬಂದವು. ಜಲಮಂಡಳಿಯ ಆ ಆವರಣಕ್ಕೆ ಜ್ಯುವೆಲ್ ಫಿಲ್ಟರ್ ಎಂಬ ಹೆಸರೇ ಉಳಿದಿದೆ. ಅಮೆರಿಕದ ಷಿಕಾಗೋದಲ್ಲಿ ಹುಟ್ಟಿದ ಈ ಮಾದರಿಯ ಜಾಣತನವಿದ್ದದ್ದು ಸೋಸುವುದರಲ್ಲಿ ಅಷ್ಟಲ್ಲ, ತೊಳೆಯುವುದರಲ್ಲಿ. ಮರಳಿನ ಹಾಸು ಕಟ್ಟಿಕೊಂಡಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ, ಮರಳನ್ನು ಕಲಕಿ ಕೊಳೆಯನ್ನು ಹೊರಹಾಕುತ್ತಿದ್ದರು. ಇಂಥ ಸೋಸುಗವನ್ನು ಯಾವಾಗ ತೊಳೆಯಬೇಕೆಂದು ಹೇಳುವುದು ಹಾಸಿನ ಮೇಲಿನ ಮತ್ತು ಕೆಳಗಿನ ನೀರಿನ ಒತ್ತಡದ ಅಂತರ, ಗೋಡೆಯ ಕ್ಯಾಲೆಂಡರಲ್ಲ. ಮನೆಯ ಫಿಲ್ಟರಿನ ವಿಚಾರದಲ್ಲಿ ಬಹುಪಾಲು ಮಂದಿ ಮರೆಯುವ ಪಾಠವೂ ಇದೇ.

1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು, 1974ರಲ್ಲಿ ಕಾವೇರಿ ಬಂತು, 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೇ ಹಂತ ಉದ್ಘಾಟನೆಯಾಯಿತು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಊರು ಸೇರುತ್ತದೆ. ಕೊರತೆಯ ದಿನಗಳಲ್ಲಿ ಅದೇ ಸಂಪಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೀಳುತ್ತದೆ. ಲಾಲ್‌ಬಾಗಿನ ಗುಡ್ಡದಲ್ಲಿ ತಲೆ ತೋರಿಸಿರುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯೇ ಊರಿನ ಅಡಿಗೂ ಹಾಸಿದೆ. ಅದರ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೂ ಒಪ್ಪಿಗೆಯಿದೆ. ಕಾವೇರಿ ಮೃದು, ಬೋರ್ ಗಡಸು. ಒಂದೇ ತೊಟ್ಟಿ ವರ್ಷದಲ್ಲಿ ಈ ಎರಡರ ನಡುವೆ ಹಲವು ಸಲ ಓಲಾಡುತ್ತದೆ.

ಡಬ್ಬಿಯೊಳಗಿನ ಕೆಲಸ

1960ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಏಹೈಮ್ ಸಂಸ್ಥೆ ಬಳಕೆಗೆ ತಂದ ಈ ಮುಚ್ಚಿದ ಡಬ್ಬಿಯ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ನೀರು ತನ್ನ ಭಾರದಿಂದಲೇ ತೊಟ್ಟಿಯಿಂದ ಡಬ್ಬಿಗೆ ಇಳಿಯುತ್ತದೆ. ಸ್ಪಂಜು, ಪಿಂಗಾಣಿ ಉಂಗುರಗಳ ಮೂಲಕ ಹಾಯುತ್ತದೆ. ಅಯಸ್ಕಾಂತದಿಂದ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಏಹೈಮ್ ಕ್ಲಾಸಿಕ್ 2213 ಕೇಳುವುದು 8 ವ್ಯಾಟ್. ದೊಡ್ಡ ತೊಟ್ಟಿಗಳ ಸನ್‌ಸನ್ 303ಬಿ ಕೇಳುವುದು 35 ವ್ಯಾಟ್.

ಕೊಳೆ ಹಿಡಿಯುವುದು ಇದರ ಅರ್ಧ ಕೆಲಸ. ಉಳಿದರ್ಧ ಜೀವಿಗಳದ್ದು. ಮೀನಿನ ಕಿವಿರಿನಿಂದ ಹೊರಬೀಳುವ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಸಿ, ಬಳಿಕ ನೈಟ್ರೇಟ್ ಆಗಿಸುತ್ತವೆ. ಈ ಕೆಲಸ ನೈಟ್ರೋಸೊಮೊನಾಸ್ ಮತ್ತು ನೈಟ್ರೋಬ್ಯಾಕ್ಟರ್‌ಗಳದ್ದೆಂದೇ ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟನ್ನು ಉತ್ಕರ್ಷಿಸುವುದು ನೈಟ್ರೋಸ್ಪೈರಾ ಎಂದು 1998ರಲ್ಲಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದರು. ಅಂಥ ಫಿಲ್ಟರುಗಳಲ್ಲಿ ಅಮೋನಿಯಾ ಕೆಲಸದ ಹಿರಿಪಾಲು ಬ್ಯಾಕ್ಟೀರಿಯಾಗಳದ್ದಲ್ಲ, ಆರ್ಕಿಯಾ ಎಂಬ ಬೇರೆ ಬಗೆಯ ಏಕಕೋಶ ಜೀವಿಗಳದ್ದೆಂದು 2011ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದರು. ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದು ಎಂಬುದು 2015ರಲ್ಲಿ ಸಾಬೀತಾಯಿತು. ಅಂಗಡಿಯ ಬಾಟಲಿ ಬ್ಯಾಕ್ಟೀರಿಯಾ ಸುರಿದರೆ ಫಿಲ್ಟರ್ ಒಂದೇ ದಿನದಲ್ಲಿ ಪಳಗುತ್ತದೆ ಎಂಬ ನಂಬಿಕೆ ಅಲುಗುವುದು ಇಲ್ಲಿಯೇ. ಬಾಟಲಿಯಲ್ಲಿರುವ ಜೀವಿಯೂ ತೊಟ್ಟಿಯಲ್ಲಿ ಕೊನೆಗೆ ನೆಲೆ ನಿಲ್ಲುವ ಜೀವಿಯೂ ಒಂದೇ ಆಗಿರಬೇಕಿಲ್ಲ.

ಇವು ಯಾವುವೇ ಆಗಿರಲಿ, ಆಮ್ಲಜನಕ ಬೇಕೇ ಬೇಕು. ಒಂದು ಮಿಲಿಗ್ರಾಂ ಅಮೋನಿಯಾ-ಸಾರಜನಕ ನೈಟ್ರೇಟ್ ಆಗಲು ಲೆಕ್ಕದ ಪ್ರಕಾರ 4.57 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ಸಮುದ್ರಮಟ್ಟದಲ್ಲಿ ನೀರು ಲೀಟರಿಗೆ 8.3 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅದು 7.4ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಇಲ್ಲಿನ ಫಿಲ್ಟರ್ ಹತ್ತರಲ್ಲಿ ಒಂದು ಪಾಲು ಕೊರತೆಯಿಂದಲೇ ಕೆಲಸ ಶುರುಮಾಡುತ್ತದೆ. ಹರಿವು ಕುಗ್ಗಿದರೆ ಈ ಊರಿನಲ್ಲಿ ಪೆಟ್ಟು ಬೇಗ ತಗಲುತ್ತದೆ.

ಹರಿವನ್ನು ಅಳೆಯುವುದು

ಪೆಟ್ಟಿಗೆಯ ಮೇಲೆ ಅಚ್ಚಾದ ‘ಗಂಟೆಗೆ 1000 ಲೀಟರ್’ ಎಂಬ ಬಗೆಯ ಅಂಕಿಯನ್ನು ಸಾಮಾನ್ಯವಾಗಿ ಸ್ಪಂಜು, ಉಂಗುರಗಳಿಲ್ಲದ, ಎತ್ತರಕ್ಕೆ ತಳ್ಳಬೇಕಿಲ್ಲದ ಪಂಪಿನಿಂದ ಅಳೆದಿರುತ್ತಾರೆ. ನಿಜವಾದ ಹರಿವು ತಿಳಿಯಲು ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಹೊರಹರಿವಿನ ಕೊಳವೆಯನ್ನು ತೊಟ್ಟಿಯ ಅಂಚಿನ ಮಟ್ಟದಲ್ಲೇ ಹಿಡಿದು 10 ಲೀಟರ್ ಬಕೆಟ್ ತುಂಬಿಸಬೇಕು; 36,000ವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ಲೀಟರ್ ಲೆಕ್ಕ ಸಿಗುತ್ತದೆ. ಒಂದು ನಿಮಿಷ ಹಿಡಿದರೆ 600, ಒಂದೂವರೆ ನಿಮಿಷ ಹಿಡಿದರೆ 400. ಹೊಸದಾಗಿ ತೊಳೆದ ದಿನದ ಅಂಕಿಯನ್ನು ಡಬ್ಬಿಯ ಮೇಲೆ ಬರೆದಿಟ್ಟುಕೊಂಡು, ಅದರಲ್ಲಿ ಮೂರನೇ ಒಂದು ಪಾಲು ಕುಸಿದಾಗ ಡಬ್ಬಿ ಬಿಚ್ಚುವುದು ಸರಿಯಾದ ಕ್ರಮ.

ಬಿಚ್ಚುವ ಮುನ್ನ ಹೊರಗಿನಿಂದ ಒಳಕ್ಕೆ ಹುಡುಕುತ್ತಾ ಹೋಗಬೇಕು. ಮೊದಲು ಒಳಹರಿವಿನ ಜಾಲರಿ. ಕೊಳೆತ ಎಲೆಯೊಂದು ಅಲ್ಲಿ ಅಂಟಿಕೊಂಡರೂ ಸಾಕು. ಆಮೇಲೆ ಕೊಳವೆ. 12 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಸುತ್ತ ಒಂದೇ ಮಿಲಿಮೀಟರ್ ಲೋಳೆ ಬೆಳೆದರೆ ದಾರಿ 10 ಮಿಲಿಮೀಟರಿಗೆ ಇಳಿಯುತ್ತದೆ. ಘರ್ಷಣೆಯ ನಷ್ಟ ಸರಿಸುಮಾರು ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಅದೇ ಹರಿವಿಗೆ ತಡೆ ಎರಡೂವರೆ ಪಟ್ಟಾಗುತ್ತದೆ. ಸ್ಪಂಜನ್ನು ವಾರಕ್ಕೊಮ್ಮೆ ಹಿಂಡಿ, ಕೊಳವೆಯನ್ನು ವರ್ಷವಾದರೂ ಮುಟ್ಟದವರಿಗೆ ಹರಿವು ಮರಳದಿರುವ ಒಗಟಿಗೆ ಹಲವು ಸಲ ಇದೇ ಉತ್ತರ. ಉದ್ದ ತಂತಿಯ ಬ್ರಷ್ ಇದಕ್ಕೆ ಬೇಕೇ ಬೇಕಾದ ಸಾಮಾನು. ಸ್ಪಂಜು, ಬಿಳಿ ಹತ್ತಿ, ಕೊನೆಗೆ ಇಂಪೆಲ್ಲರ್ ಆಮೇಲಿನ ಸರದಿ.

ಬೋರ್ ನೀರಿನ ಮನೆಗಳಲ್ಲಿ ಇಂಪೆಲ್ಲರಿನ ಪಿಂಗಾಣಿ ಕಡ್ಡಿಗೆ ಬಿಳಿ ಸುಣ್ಣದ ಪದರ ಹತ್ತುತ್ತದೆ. ಓಡುತ್ತಿರುವಾಗ ತೊಂದರೆ ಕಾಣದು. ಕರೆಂಟು ಹೋಗಿ ಬಂದಾಗ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಲ್ಲುತ್ತದೆ. ಮೋಟಾರು ಸುಟ್ಟಿತೆಂದು ಎಸೆಯುವ ಮುನ್ನ ಇಂಪೆಲ್ಲರನ್ನು ಬಿಡಿಸಿ, ನಿಂಬೆ ಉಪ್ಪು ಎಂದು ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ ಕದಡಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಕೂರಿಸಿ ನೋಡಬೇಕು. ಕಡ್ಡಿಯನ್ನು ಬಲವಂತವಾಗಿ ಎಳೆದರೆ ಪಟ್ಟನೆ ಮುರಿಯುತ್ತದೆ.

ಗಾಳಿ ಮತ್ತು ಸೋರಿಕೆ

ಗರಗರ ಸದ್ದು ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದೇ ತಿಳಿಯಬಹುದು. ಈ ಪಂಪಿಗೆ ಗಾಳಿಯನ್ನು ಎಳೆದು ಹಾಕುವ ಶಕ್ತಿಯಿಲ್ಲ. ನೀರು ತಾನಾಗಿ ಇಳಿದು ಡಬ್ಬಿ ತುಂಬಿದ ಮೇಲಷ್ಟೇ ಸ್ವಿಚ್ ಹಾಕಬೇಕು. ಕೊಳವೆ ಮಧ್ಯದಲ್ಲಿ ಮೇಲೇರಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ. ಉದ್ದವಿದ್ದುದನ್ನು ಕತ್ತರಿಸಿ ನೇರಮಾಡುವುದೇ ಮದ್ದು. ಗುಳ್ಳೆ ಬಿಡುವ ಏರ್‌ಸ್ಟೋನನ್ನು ಒಳಹರಿವಿನ ಪಕ್ಕದಲ್ಲಿಟ್ಟರೆ ಗಾಳಿ ಮತ್ತೆ ಮತ್ತೆ ಸೇರುತ್ತಿರುತ್ತದೆ. ಡಬ್ಬಿಯನ್ನು ಮೆಲ್ಲಗೆ ವಾಲಿಸಿ ಅಲುಗಿಸಿದರೆ ಉಳಿದ ಗಾಳಿ ಹೊರಬೀಳುತ್ತದೆ.

ಸೋರಿಕೆಯ ಮೂಲ ಬಹುಮಟ್ಟಿಗೆ ಮುಚ್ಚಳದ ಓ-ರಿಂಗ್. ಅದು ಕೂರುವ ತೋಡಿನಲ್ಲಿ ಒಂದು ಮರಳಿನ ಕಾಳು ಕೂತರೂ ಹನಿ ಜಿನುಗುತ್ತದೆ. ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುವುದು ಸರಿಯಲ್ಲ. ಎಣ್ಣೆ ಕಮಟುತ್ತದೆ, ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ತೆಳ್ಳಗೆ ಹಚ್ಚಬೇಕಾದದ್ದು ಸಿಲಿಕೋನ್ ಗ್ರೀಸ್. ಹಳೆಯ ಮನೆಗಳ ವೈರಿಂಗಿಗೆ ಇನ್ನೂ ಒಂದು ಎಚ್ಚರಿಕೆ ಬೇಕು: ಪ್ಲಗ್ಗಿಗಿಂತ ಕೆಳಗೆ ತಂತಿ ಒಮ್ಮೆ ಜೋತುಬಿದ್ದಿರಬೇಕು, ಆಗ ತಂತಿಗುಂಟ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಸರ್ಕ್ಯೂಟಿನಲ್ಲಿ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿ-ಆಂಪಿಯರಿನ ಆರ್‌ಸಿಸಿಬಿ ಇರಬೇಕು. ತೊಟ್ಟಿಗೆ ಕೈಹಾಕುವ ಮುನ್ನ ಸ್ವಿಚ್ ಆರಿಸಬೇಕು.

ಕರೆಂಟು ಹೋದಾಗ

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿ ಬೆಳಗಿದ್ದು 1905ರಲ್ಲಿ. ಮನೆಯೊಳಗೆ ಅದು ಎಡೆಬಿಡದೆ ಇರುವ ಭರವಸೆ ಇಂದಿಗೂ ಇಲ್ಲ. ಕರೆಂಟು ಹೋದಾಗ ತೊಟ್ಟಿಗಿಂತ ಮೊದಲು ಉಸಿರುಗಟ್ಟುವುದು ಡಬ್ಬಿಗೆ. ಎಂಟು ಲೀಟರ್ ನೀರು ಹಿಡಿದ ಡಬ್ಬಿಯಲ್ಲಿ ಈ ಊರಿನ ಲೆಕ್ಕಕ್ಕೆ 60 ಮಿಲಿಗ್ರಾಂನಷ್ಟು ಆಮ್ಲಜನಕವಿದ್ದರೆ ಹೆಚ್ಚು. ಅದು 13 ಮಿಲಿಗ್ರಾಂ ಅಮೋನಿಯಾ-ಸಾರಜನಕಕ್ಕೆ ಮಾತ್ರ ಸಾಕು. ಕೊಳೆಯನ್ನು ತಿನ್ನುವ ಇತರ ಬ್ಯಾಕ್ಟೀರಿಯಾಗಳೂ ಅದೇ ಗಂಟಿಗೆ ಕೈಹಾಕುತ್ತವೆ. ಅದು ಮುಗಿದ ಮೇಲೆ, ಕೊಳೆ ದಪ್ಪವಾಗಿದ್ದ ಕಡೆ, ಆಮ್ಲಜನಕ ಬೇಡದ ಜೀವಿಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಹಲವು ಗಂಟೆಗಳ ಬಳಿಕ ಕರೆಂಟು ಬಂದಾಗ ಈ ಕೆಟ್ಟ ನೀರು ನೇರ ತೊಟ್ಟಿಗೆ ಬೀಳುತ್ತದೆ. ಆದ್ದರಿಂದ ಬಹಳ ಹೊತ್ತು ನಿಂತ ಡಬ್ಬಿಯನ್ನು ಮೊದಲು ಬಿಚ್ಚಿ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಚೆಲ್ಲಿ, ಮೀಡಿಯಾವನ್ನು, ಅಂದರೆ ಸ್ಪಂಜು, ಉಂಗುರಗಳನ್ನು, ಜಾಲಿಸಿ ಮತ್ತೆ ಓಡಿಸಬೇಕು. ಮನೆಯ ಇನ್ವರ್ಟರಿಗೆ ಫಿಲ್ಟರನ್ನು ಸೇರಿಸುವುದಾದರೆ ಸೈನ್‌ವೇವ್ ಇನ್ವರ್ಟರ್ ಆಗಿರಲಿ. ಚೌಕ ಅಲೆಯ ಅಗ್ಗದವುಗಳಲ್ಲಿ ಈ ಮೋಟಾರು ಸದ್ದುಮಾಡಿ ಬಿಸಿಯೇರುತ್ತದೆ.

ತೊಳೆದು ಕೆಡಿಸುವುದು

ಎಲ್ಲಕ್ಕಿಂತ ದೊಡ್ಡ ಅಪಾಯ ಅತಿಯಾದ ಶುಚಿತ್ವದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಮಾನಕ ಹೇಳುತ್ತದೆ. ಮನುಷ್ಯರನ್ನು ಕಾಯುವ ಆ ಕ್ಲೋರಿನ್ನಿಗೆ ಪಿಂಗಾಣಿ ಉಂಗುರದ ಮೇಲಿನ ಜೀವಿಗಳೂ ಕೊಲ್ಲಬೇಕಾದ ಕ್ರಿಮಿಗಳೇ. ಸಂಪಿಗೆ ಆಗತಾನೇ ಕಾವೇರಿ ನೀರು ಬಿದ್ದ ದಿನ ಉಂಗುರಗಳನ್ನು ನಲ್ಲಿಯಡಿ ಉಜ್ಜಿದರೆ ತಿಂಗಳುಗಟ್ಟಲೆ ಬೆಳೆದ ಪದರ ಗಂಡಾಂತರಕ್ಕೆ ಸಿಲುಕುತ್ತದೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಉಂಗುರಗಳನ್ನು ಜಾಲಿಸಬೇಕು. ಸ್ಪಂಜನ್ನೂ ಉಂಗುರಗಳನ್ನೂ ಒಂದೇ ದಿನ ಮುಟ್ಟಬಾರದು. ಮೀಡಿಯಾ ಬದಲಿಸುವುದಿದ್ದರೆ ಅರ್ಧವನ್ನು ಈಗ, ಉಳಿದರ್ಧವನ್ನು ಕೆಲವು ವಾರಗಳ ಬಳಿಕ. ಹೊಸ ನೀರಿಗೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಹಾಕದೆ ಸುರಿಯಬಾರದು.

ಎರಡು ನೀರಿನ ಸಂಪು ಅಪಾಯಕ್ಕೆ ಇನ್ನೊಂದು ಮಡಿಕೆ ಸೇರಿಸುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇಕಡಾ 0.6ರಷ್ಟು, ಪಿಎಚ್ 8 ಆದರೆ ಶೇಕಡಾ 5ನ್ನು ಮೀರುತ್ತದೆ. ಫಿಲ್ಟರ್ ತೊಳೆದು ಅಮೋನಿಯಾ ಏರಿದ ವಾರದಲ್ಲೇ ಕಾವೇರಿ ನಿಂತು, ತೊಟ್ಟಿಯ ಪಿಎಚ್ಚನ್ನು 7ರಿಂದ 8ಕ್ಕೆ ಏರಿಸುವ ಬೇರೆ ನೀರು ಬಿದ್ದರೆ, ಅದೇ ಪ್ರಮಾಣದ ಅಮೋನಿಯಾ ಒಂಬತ್ತು ಪಟ್ಟು ಕೆಟ್ಟದಾಗುತ್ತದೆ. ಬೇಸಿಗೆಯಲ್ಲಿ ಸ್ಪಷ್ಟ ಕಾರಣವಿಲ್ಲದೆ ಮೀನು ಸತ್ತವು ಎನ್ನುವವರು ಮೊದಲು ನೋಡಬೇಕಾದದ್ದು ತೊಳೆದ ದಿನಾಂಕ ಮತ್ತು ಟ್ಯಾಂಕರ್ ಬಂದ ದಿನಾಂಕ.

2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕಾರು ತೊಳೆಯಲು, ತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ದಿನಗಳಲ್ಲಿ ತೊಟ್ಟಿಯಿಂದ ಬದಲಿಸಿ ತೆಗೆದ ನೀರು ತೋಟಕ್ಕೆ ಒದಗುತ್ತದೆ; ನೈಟ್ರೇಟ್ ತುಂಬಿದ ಆ ನೀರು ಗಿಡಕ್ಕೆ ಗೊಬ್ಬರವೂ ಹೌದು. ಚರಂಡಿಗೆ ಬಿಡದೆ ಕುಂಡಗಳಿಗೆ ಹಾಕುವುದು ಎರಡು ಕಡೆಯಿಂದಲೂ ಲಾಭ.

ಒಟ್ಟಿನಲ್ಲಿ ಈ ಬಡಾವಣೆಗಳಲ್ಲಿ ಕ್ಯಾನಿಸ್ಟರ್ ಫಿಲ್ಟರಿನ ಕಾಯಿಲೆಗಳಲ್ಲಿ ಯಂತ್ರದ ಪಾಲಿಗಿಂತ ನೀರಿನ, ಕರೆಂಟಿನ, ಕೈಯ ಪಾಲು ಹೆಚ್ಚು. ಎರಡು ಸುಧಾರಣೆಗಳು ಹೆಚ್ಚು ಖರ್ಚಿಲ್ಲದೆ ಆಗಬಲ್ಲವು. ಮಾರಾಟಗಾರರು ಪ್ರತಿ ಫಿಲ್ಟರಿನೊಂದಿಗೆ ಕನ್ನಡದಲ್ಲಿ ಒಂದು ಪುಟದ ನಿರ್ವಹಣಾ ಚೀಟಿ ಕೊಡಲಿ. ಜಲಮಂಡಳಿ ನೀರಿನ ಬಿಲ್ಲಿನ ಮೇಲೆಯೇ ಆ ಬಡಾವಣೆಯ ನೀರಿನ ಗಡಸುತನ, ಪಿಎಚ್ ಮತ್ತು ಉಳಿಕೆ ಕ್ಲೋರಿನ್ನಿನ ಅಂಕಿಗಳನ್ನು ಅಚ್ಚುಮಾಡಲಿ.