ವಲಸೆಯ ತಲೆಮಾರು ಮತ್ತು ಮತದಾರರ ಪಟ್ಟಿ: ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಕನ್ನಡಿಗರ ರಾಜಕೀಯ ಪಾಲ್ಗೊಳ್ಳುವಿಕೆ

ಮತದಾನದಲ್ಲಿ ತಲೆಮಾರುಗಳ ನಡುವೆ ಕಾಣುವ ಅಂತರವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ವಯಸ್ಸಿನಿಂದ ತೊಡಗಿ ವಯಸ್ಸಿನಲ್ಲಿಯೇ ಮುಗಿಯುತ್ತದೆ. ಸಮಾಜಶಾಸ್ತ್ರ ಮಾತ್ರ ಇಲ್ಲಿ ಮೂರು ಎಳೆಗಳನ್ನು ಬೇರ್ಪಡಿಸುತ್ತದೆ: ವಯಸ್ಸು ಏರಿದಂತೆ ಎಲ್ಲರಲ್ಲಿಯೂ ಆಗುವ ಬದಲಾವಣೆ, ಅಂದರೆ ವಯೋಪರಿಣಾಮ; ಒಂದು ಕಾಲಘಟ್ಟದ ಘಟನೆ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟುವ ಕಾಲಪರಿಣಾಮ; ಎಳವೆಯಲ್ಲಿ ಒಂದೇ ಬಗೆಯ ಅನುಭವಕ್ಕೆ ಪಕ್ಕಾದವರು ಅದರ ಗುರುತನ್ನು ಜೀವನದುದ್ದಕ್ಕೂ ಹೊತ್ತು ಸಾಗುವ ಪೀಳಿಗೆಯ ಪರಿಣಾಮ. ಈ ಮೂರನೆಯದಕ್ಕೆ ಸಮಾಜಶಾಸ್ತ್ರಜ್ಞ ಕಾರ್ಲ್ ಮಾನ್‌ಹೈಮ್ 1928ರಲ್ಲಿ ತಾತ್ವಿಕ ನೆಲೆಗಟ್ಟನ್ನು ಒದಗಿಸಿದನು. ಥಾಣೆಯಿಂದ ಕಲ್ಯಾಣದವರೆಗೂ ನವಿಮುಂಬಯಿಯಲ್ಲಿಯೂ ನೆಲೆಸಿರುವ ಕನ್ನಡ ಮತ್ತು ತುಳು ಕುಟುಂಬಗಳ ಮಟ್ಟಿಗೆ ಈ ಮೂರೂ ಸಾಲವು. ಅಜ್ಜ, ಮಗ, ಮೊಮ್ಮಗಳು ಮತ ಹಾಕುವುದರಲ್ಲಿ ಅಥವಾ ಹಾಕದಿರುವುದರಲ್ಲಿ ಕಾಣುವ ಭೇದ ಅವರು ಹುಟ್ಟಿದ ವರ್ಷಕ್ಕಿಂತ ಹೆಚ್ಚಾಗಿ, ಅವರು ವಲಸೆಯಿಂದ ಎಷ್ಟನೆಯ ಮೆಟ್ಟಿಲಲ್ಲಿದ್ದಾರೆ, ಅದರಿಂದಾಗಿ ಅವರ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಮೊದಲಿಗೆ ಅಂಕಿಅಂಶಗಳು. 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ರೂಪುಗೊಂಡ ಕಲ್ಯಾಣ್ ಲೋಕಸಭಾ ಕ್ಷೇತ್ರದಲ್ಲಿ 2009ರ ಮತದಾನ ಸುಮಾರು ಶೇ. 34, 2014ರಲ್ಲಿ ಶೇ. 43, 2019ರಲ್ಲಿ ಶೇ. 45, 2024ರಲ್ಲಿ ಶೇ. 50. ಐರೋಲಿ ಮತ್ತು ಬೇಲಾಪುರ ವಿಧಾನಸಭಾ ಕ್ಷೇತ್ರಗಳ ಮೂಲಕ ನವಿಮುಂಬಯಿಯನ್ನೂ ಒಳಗೊಂಡ ಥಾಣೆ ಲೋಕಸಭಾ ಕ್ಷೇತ್ರದಲ್ಲಿ 2024ರ ಪ್ರಮಾಣ ಶೇ. 52ರ ಆಸುಪಾಸಿನಲ್ಲಿತ್ತು. ಇಲ್ಲಿನ ಕನ್ನಡಿಗರಲ್ಲಿ ದೊಡ್ಡ ಪಾಲು ಯಾವ ಕರಾವಳಿಯಿಂದ ಬಂದಿತೋ ಆ ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಕ್ಷೇತ್ರಗಳಲ್ಲಿ ಅದೇ ಚುನಾವಣೆಯಲ್ಲಿ ಶೇ. 77ರಷ್ಟು ಮತದಾನವಾಯಿತು. ಒಂದೇ ಮನೆತನದ ಕವಲುಗಳು ಎರಡು ಕಡೆ ಇಷ್ಟು ಬೇರೆಯಾಗಿ ವರ್ತಿಸುವುದಕ್ಕೆ ಉದಾಸೀನವನ್ನೇ ಕಾರಣವೆನ್ನುವುದು ಸುಲಭ, ಆದರೆ ಆತುರದ ಮಾತು. ಶೇಕಡಾವಾರು ಲೆಕ್ಕದ ಛೇದದಲ್ಲಿರುವುದು ಪಟ್ಟಿಯಲ್ಲಿರುವ ಹೆಸರುಗಳೇ ಹೊರತು ಊರಿನಲ್ಲಿರುವ ಜನರಲ್ಲ. ಮನೆ ಬದಲಿಸಿದವರ, ತೀರಿಕೊಂಡವರ, ಎರಡು ಕಡೆ ಹೆಸರಿರುವವರ ನಮೂದುಗಳು ಹೆಚ್ಚಿದಷ್ಟೂ ಮತದಾನದ ಪ್ರಮಾಣ ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಚುನಾವಣಾ ಆಯೋಗ ಪ್ರಕಟಿಸುವ ಫಲಿತಾಂಶದ ವರದಿಗಳಲ್ಲಿ ಮತ ಹಾಕಿದವರ ವಯೋವಾರು ವಿಂಗಡಣೆಯಾಗಲಿ ಮಾತೃಭಾಷೆಯ ವಿಂಗಡಣೆಯಾಗಲಿ ಇರುವುದಿಲ್ಲವಾದ್ದರಿಂದ, ಮುಂದಿನ ವಿವೇಚನೆ ಕಾನೂನು, ಇತಿಹಾಸ ಮತ್ತು ಚುನಾವಣೆಗಳ ವೇಳಾಪಟ್ಟಿಯನ್ನು ಆಧರಿಸಿದೆ.

ಮೊದಲ ತಲೆಮಾರಿನವರು ಮುಂಬಯಿಗೆ ಬಂದದ್ದು ಹೆಚ್ಚಾಗಿ ಹೋಟೆಲಿನ ಕೆಲಸಕ್ಕೆ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಅವರಲ್ಲಿ ಬಹಳ ಮಂದಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಎಸೋಸಿಯೇಶನ್ 1932ರಲ್ಲಿ ಹುಟ್ಟಿದ್ದು ಈ ನೆಲೆಯಿಂದಲೇ. ಇವರನ್ನು ರಾಜಕೀಯದಿಂದ ದೂರ ಉಳಿದವರೆಂದು ಬಣ್ಣಿಸುವ ವಾಡಿಕೆಯಿದ್ದರೂ ಅದು ಪೂರ್ತಿ ಸರಿಯಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಸಂಘಟನೆಯ ಬಲದಿಂದ 1961ರಲ್ಲಿ ಮುಂಬಯಿ ಪಾಲಿಕೆಯನ್ನು ಪ್ರವೇಶಿಸಿ, 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ಇವರ ಕಣ್ಣೆದುರಿನಲ್ಲಿಯೇ. ಆದರೆ 1966ರಲ್ಲಿ ಸ್ಥಾಪನೆಯಾದ ಶಿವಸೇನೆ ತನ್ನ ಆರಂಭದ ಆಂದೋಲನವನ್ನು ದಕ್ಷಿಣ ಭಾರತೀಯರ ವಿರುದ್ಧ, ಅದರಲ್ಲಿಯೂ ಉಡುಪಿ ಹೋಟೆಲುಗಳ ವಿರುದ್ಧ ತಿರುಗಿಸಿತು. ಅದು ಮೊದಲ ಬಾರಿಗೆ ಅಧಿಕಾರ ಹಿಡಿದದ್ದು 1967ರಲ್ಲಿ, ಇದೇ ಥಾಣೆಯ ನಗರಸಭೆಯಲ್ಲಿ. ಗಲ್ಲೆಯ ಮೇಲೆ ಕುಳಿತವನು ಎಲ್ಲ ಪಕ್ಷದ ಗಿರಾಕಿಗಳಿಗೂ ಚಹಾ ಕೊಡಬೇಕಾದಾಗ ರಾಜಕೀಯ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದು ನಷ್ಟದ ಬಾಬ್ತು. ಮಾನ್‌ಹೈಮ್ ಹೇಳುವ ಅರ್ಥದಲ್ಲಿ ಈ ತಲೆಮಾರಿನ ಗುರುತು ಇದೇ: ಇಲ್ಲಿ ಮೌನ, ಊರಿನಲ್ಲಿ ಮತ.

ಊರಿನ ಮತಕ್ಕೆ ಕಾನೂನಿನ ತೊಡಕೂ ಇದೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಒಬ್ಬನ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರುವಂತಿಲ್ಲ, 19ನೆಯ ಕಲಮಿನ ಪ್ರಕಾರ ಮತದಾರನು ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾಗಿರಬೇಕು, ಅಂದರೆ ವಾಡಿಕೆಯಾಗಿ ಅಲ್ಲಿಯೇ ವಾಸಿಸುವವನಾಗಿರಬೇಕು, 20ನೆಯ ಕಲಮು ಕೇವಲ ಮನೆಯ ಒಡೆತನವಿದ್ದ ಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲವೆಂದು ಸ್ಪಷ್ಟಪಡಿಸುತ್ತದೆ. ಡೊಂಬಿವಲಿಯಲ್ಲಿ ದಶಕಗಳಿಂದ ಬಾಳುತ್ತಿದ್ದರೂ ಕುಂದಾಪುರದ ಕಡೆಯ ತರವಾಡು ಮನೆಯ ವಿಳಾಸದಲ್ಲಿ ಹೆಸರನ್ನು ಉಳಿಸಿಕೊಂಡವನು ಈ ಕಲಮುಗಳ ಅಕ್ಷರದ ಪ್ರಕಾರ ಅಲ್ಲಿ ಮತದಾರನಲ್ಲ. ಆದರೂ ಆ ಹೆಸರನ್ನು ತೆಗೆಸಲು ಯಾರಿಗೂ ಮನಸ್ಸಿರುವುದಿಲ್ಲ: ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಅಂಥ ಹತ್ತು ಮತಗಳು ಫಲಿತಾಂಶವನ್ನೇ ತಿರುಗಿಸಬಲ್ಲವು, ಮತ್ತು ಜಮೀನು, ದೈವದ ಕೋಲ, ದೇವಸ್ಥಾನದ ಆಡಳಿತ ಮುಂತಾದ ವಿಷಯಗಳಲ್ಲಿ ಊರಿನ ಪ್ರತಿನಿಧಿಯ ಜೊತೆಗಿನ ಸಂಬಂಧಕ್ಕೆ ಇಂದಿಗೂ ಬೆಲೆಯಿದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಊರಿನ ದಾರಿ ಒಂದು ರಾತ್ರಿಯ ಪ್ರಯಾಣವಾಯಿತು. ವಲಸೆ ಹಳತಾದಂತೆ ಸಡಿಲಗೊಳ್ಳಬೇಕಾಗಿದ್ದ ಊರಿನ ನಂಟು ಇದರಿಂದ ಮತ್ತೆ ಬಿಗಿಯಾಯಿತೆಂದೇ ಹೇಳಬೇಕು.

ಇವರಿಗಿಂತ ಭಿನ್ನವಾದದ್ದು ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ನವಿಮುಂಬಯಿಯ ಕಟ್ಟಡ ಕೆಲಸಕ್ಕೆ ಬಂದವರ ಸ್ಥಿತಿ. ಬೆಳಿಗ್ಗೆ ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವ ಈ ಕಾರ್ಮಿಕರಿಗೆ ಊರಿನ ಪಟ್ಟಿಯೇ ಏಕೈಕ ಪಟ್ಟಿ. ಮತದಾನದ ದಿನದ ವೇತನಸಹಿತ ರಜೆಯ ಹಕ್ಕು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಲ್ಲಿದ್ದರೂ, ಕಲಬುರಗಿಗೆ ಹೋಗಿಬರಲು ಒಂದು ದಿನದ ರಜೆ ಸಾಲದು. ಇವರಲ್ಲಿ ಯುವಕರೇ ಹೆಚ್ಚಿರುವುದರಿಂದ ಯುವಜನರ ಗೈರುಹಾಜರಿ ಎಂದು ಲೆಕ್ಕಕ್ಕೆ ಬರುವುದರ ಒಂದಂಶ ವಾಸ್ತವವಾಗಿ ಕೂಲಿಯ ಲೆಕ್ಕ.

ಎರಡನೆಯ ತಲೆಮಾರಿನಲ್ಲಿ ಹೆಸರು ಇತ್ತ ಸರಿಯಿತು. ಮುಂಬಯಿಯಲ್ಲಿ ಮನೆ ಕೈಗೆಟುಕದೆ ಡೊಂಬಿವಲಿ, ಕಲ್ಯಾಣಗಳಿಗೆ, 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಕಟ್ಟಿಸಿದ ನವಿಮುಂಬಯಿಗೆ ಬಂದ ಕುಟುಂಬಗಳ ಮಕ್ಕಳಿಗೆ 1989ರ ಮಾರ್ಚ್‌ನಿಂದ ಜಾರಿಗೆ ಬಂದ ಸಂವಿಧಾನದ 61ನೆಯ ತಿದ್ದುಪಡಿ 21ರ ಬದಲು 18ರಲ್ಲಿಯೇ ಮತದ ಹಕ್ಕನ್ನು ಕೊಟ್ಟಿತು. 1993ರಿಂದ ಬಂದ ಭಾವಚಿತ್ರವಿರುವ ಗುರುತಿನ ಚೀಟಿ ಬ್ಯಾಂಕು, ಗ್ಯಾಸು, ಮಕ್ಕಳ ಶಾಲೆ ಎಲ್ಲಕ್ಕೂ ವಿಳಾಸದ ಪುರಾವೆಯಾಗಿ, ಇಲ್ಲಿ ಹೆಸರು ನೋಂದಾಯಿಸಲು ಭಾಷಣಗಳಿಗಿಂತ ದೊಡ್ಡ ಪ್ರೇರಣೆಯಾಯಿತು. ಮರಾಠಿಯನ್ನು ನೀರು ಕುಡಿದಷ್ಟು ಸರಾಗವಾಗಿ ಮಾತನಾಡುವ ಇವರಿಗೆ ಪಕ್ಷದ ಶಾಖೆಯಲ್ಲಿಯೂ ಪರಕೀಯತೆಯಿಲ್ಲ. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯಾಗಿ, ಗಣೇಶೋತ್ಸವ ಮಂಡಳದ ಖಜಾಂಚಿಯಾಗಿ, ರೈಲು ಪ್ರಯಾಣಿಕರ ಸಂಘದ ಸದಸ್ಯನಾಗಿ ನಗರ ಸೇವಕನ, ಅಂದರೆ ಪಾಲಿಕೆಯ ಸದಸ್ಯನ, ಬಾಗಿಲಿಗೆ ಹೋದವರು ಇವರು. ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೂ ನಗರಪಾಲಿಕೆಯೊಂದಿಗಿನ ವ್ಯವಹಾರ ತಪ್ಪಿದ್ದಲ್ಲ. ಸಮಾರಂಭಗಳ ವೇದಿಕೆಯ ಮೇಲೆ ಎಲ್ಲ ಪಕ್ಷದವರಿಗೂ ಶಾಲು ಹೊದಿಸುವ ರೂಢಿಯನ್ನು ಹಲವರು ಅವಕಾಶವಾದವೆಂದು ಟೀಕಿಸುತ್ತಾರೆ. ಮೊದಲ ತಲೆಮಾರಿನ ಮೌನ ಎರಡನೆಯದರಲ್ಲಿ ಪಡೆದ ಸಭ್ಯ ರೂಪ ಅದು ಎನ್ನುವುದು ಹೆಚ್ಚು ನ್ಯಾಯವಾದೀತು.

ಪಟ್ಟಿಯ ಒಂದು ನಮೂದನ್ನು ಹತ್ತಿರದಿಂದ ನೋಡಿದರೆ ತೊಡಕು ಅರ್ಥವಾಗುತ್ತದೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ವ್ಯಕ್ತಿಯ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕುಲನಾಮ ಎಂಬ ಕ್ರಮವಿದ್ದರೆ, ಕರಾವಳಿಯಲ್ಲಿ ಊರಿನ ಅಥವಾ ಮನೆಯ ಹೆಸರಿನ ಮೊದಲಕ್ಷರ ಮುಂದೆ ನಿಲ್ಲುತ್ತದೆ. ಒಬ್ಬಳೇ ಹೆಂಗಸು ಊರಿನ ಪಟ್ಟಿಯಲ್ಲಿ ತಂದೆಯ ಹೆಸರಿನೊಂದಿಗೆ ಕನ್ನಡದಲ್ಲಿಯೂ ಇಲ್ಲಿನ ಪಟ್ಟಿಯಲ್ಲಿ ಗಂಡನ ಹೆಸರಿನೊಂದಿಗೆ ದೇವನಾಗರಿಯಲ್ಲಿಯೂ ಇದ್ದರೆ, ಆ ಎರಡು ನಮೂದುಗಳು ಒಬ್ಬಳವೇ ಎಂದು ಹೇಳಬಲ್ಲವಳು ಅವಳೊಬ್ಬಳೇ. ಇದರ ಮೇಲೆ ಪುನರಭಿವೃದ್ಧಿಯ ಸಮಸ್ಯೆ. ನಾಲ್ಕು ಮಾಳಿಗೆಯ ಹಳೆಯ ಕಟ್ಟಡ ಕೆಡವಿ ಗೋಪುರವೇಳುವವರೆಗೆ ಇಡೀ ಸೊಸೈಟಿ ಬಾಡಿಗೆ ಮನೆಗಳಿಗೆ ಚದರಿದಾಗ, ವಿಳಾಸ ಬದಲಾವಣೆಯ ನಮೂನೆ 8ನ್ನು ತುಂಬುವವರು ವಿರಳ. ಮತಗಟ್ಟೆ ಮಟ್ಟದ ಅಧಿಕಾರಿ ಬಂದು ನೋಡಿದರೆ ಅಲ್ಲಿ ಮನೆಯೇ ಇರುವುದಿಲ್ಲ.

ಮೊಬೈಲಿನಲ್ಲಿ ಮುಳುಗಿ ಮತದಾನವನ್ನು ಮರೆತಿದೆ ಎಂಬ, ಮೂರನೆಯ ತಲೆಮಾರಿನ ಮೇಲಿನ ಆರೋಪವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ ನೋಂದಾಯಿತರಾದ 18-19 ವಯಸ್ಸಿನವರು ಸುಮಾರು 1.8 ಕೋಟಿ, ಆ ವಯಸ್ಸಿನ ಅಂದಾಜು ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಕಡಿಮೆ. 2021ರ ಚುನಾವಣಾ ಕಾನೂನುಗಳ ತಿದ್ದುಪಡಿ ವರ್ಷಕ್ಕೊಂದರ ಬದಲು ನಾಲ್ಕು ಅರ್ಹತಾ ದಿನಾಂಕಗಳನ್ನು ಗೊತ್ತುಪಡಿಸಿದ ಮೇಲೂ ಸ್ಥಿತಿ ಹೀಗಿತ್ತು. ಥಾಣೆ, ಕಲ್ಯಾಣಗಳಲ್ಲಿ ಮತದಾನ ನಡೆದದ್ದು ಮೇ 20, ಸೋಮವಾರ. ಶಾಲೆ ಕಾಲೇಜುಗಳ ರಜೆ, ಊರಿನಲ್ಲಿ ಮದುವೆ ಮುಂಜಿಗಳ ಕಾಲ. ಕರಾವಳಿಯ ಮತದಾನವೋ ಏಪ್ರಿಲ್ 26ಕ್ಕೇ ಮುಗಿದಿತ್ತು.

ಇದಕ್ಕಿಂತ ಗಂಭೀರವಾದ ಸಂಗತಿ ನಗರಪಾಲಿಕೆಗಳದು. ನವಿಮುಂಬಯಿ ಪಾಲಿಕೆಗೆ 2015ರ ಏಪ್ರಿಲ್‌ನಲ್ಲಿ, ಕಲ್ಯಾಣ್-ಡೊಂಬಿವಲಿ ಪಾಲಿಕೆಗೆ ಅದೇ ವರ್ಷದ ನವೆಂಬರ್‌ನಲ್ಲಿ, ಥಾಣೆ ಪಾಲಿಕೆಗೆ 2017ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಅವಧಿ ಮುಗಿದ ಮೇಲೆ ಮೊದಲು ಕೋವಿಡ್, ಅನಂತರ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಅಡ್ಡಬಂದು, ಚುನಾವಣೆ ನಡೆಸುವಂತೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ನಿರ್ದೇಶಿಸಿದಾಗಲೂ ಮೂರು ಪಾಲಿಕೆಗಳಲ್ಲಿ ಆಡಳಿತಾಧಿಕಾರಿಗಳೇ ಇದ್ದರು. 2015ರ ಜನವರಿ 1 ಅರ್ಹತಾ ದಿನಾಂಕವಾಗಿದ್ದ ಪಟ್ಟಿಯಲ್ಲಿ, 1997ರ ಜನವರಿ 1ರ ನಂತರ ಹುಟ್ಟಿದವರಿಗೆ ಸ್ಥಾನವಿರಲಿಲ್ಲ. ಹೀಗಾಗಿ 2025ರ ಆ ಹೊತ್ತಿಗೆ ಡೊಂಬಿವಲಿಯ ಯುವತಿಯೊಬ್ಬಳು ಶಾಸಕ ಮತ್ತು ಸಂಸದರ ಆಯ್ಕೆಯಲ್ಲಿ ತಲಾ ಎರಡು ಸಲ ಭಾಗವಹಿಸಿ 28 ತುಂಬಿದ್ದರೂ, ತನ್ನ ಬೀದಿಯ ನೀರು, ಗಟಾರ, ರಸ್ತೆಗಳಿಗೆ ಹೊಣೆಯಾದ ನಗರ ಸೇವಕನಿಗೆ ಒಮ್ಮೆಯೂ ಮತ ಹಾಕದೆ ಉಳಿದಿದ್ದಿರಬಹುದು. ಮತದಾರನ ಮೊದಲ ಕೆಲವು ಚುನಾವಣೆಗಳು ಜೀವಮಾನದ ರೂಢಿಯನ್ನು ನಿರ್ಧರಿಸುತ್ತವೆ ಎಂದು ರಾಜ್ಯಶಾಸ್ತ್ರಜ್ಞ ಮಾರ್ಕ್ ಫ್ರ್ಯಾಂಕ್ಲಿನ್ 2004ರ ಗ್ರಂಥದಲ್ಲಿ ವಾದಿಸಿದ್ದಾನೆ. ಆ ವಾದ ಸರಿಯಾದರೆ, ಈ ಪೀಳಿಗೆಯ ರೂಢಿಯನ್ನು ಕೆಡಿಸಿದ್ದರಲ್ಲಿ ಮೊಬೈಲಿಗಿಂತ ಪ್ರಭುತ್ವದ ಪಾಲು ದೊಡ್ಡದು. ಎರಡನೆಯ ತಲೆಮಾರು ರಾಜಕೀಯ ಕಲಿತದ್ದೇ ನಗರ ಸೇವಕನ ಬಾಗಿಲಿನಲ್ಲಿ ಎಂಬುದನ್ನು ನೆನೆದರೆ ಈ ಕೊರತೆಯ ತೂಕ ತಿಳಿಯುತ್ತದೆ.

2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗವು ವಲಸಿಗರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕಬಲ್ಲ ದೂರಮತದಾನ ಯಂತ್ರವನ್ನು ಪ್ರಸ್ತಾಪಿಸಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳನ್ನು ನಿಭಾಯಿಸಬಲ್ಲ ಆ ಯಂತ್ರ ವಿರೋಧ ಪಕ್ಷಗಳ ಆಕ್ಷೇಪದ ನಂತರ ಬಳಕೆಗೆ ಬರಲಿಲ್ಲ. ಬಂದಿದ್ದರೆ ನಾಕಾ ಕಾರ್ಮಿಕನಿಗೆ ಕೂಲಿ ಉಳಿಯುತ್ತಿತ್ತು, ಊರಿನ ಪಟ್ಟಿಯಲ್ಲಿರುವ ಹಿರಿಯನಿಗೆ ರೈಲಿನ ಟಿಕೇಟು ಉಳಿಯುತ್ತಿತ್ತು. ಇಲ್ಲಿಯೇ ಹುಟ್ಟಿ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುತ್ತಾ, ಎರಡೂ ಪಟ್ಟಿಗಳಿಂದ ಹೊರಗುಳಿದ ಮೊಮ್ಮಗಳ ಪಾಲಿಗೆ ಮಾತ್ರ ಅದರಲ್ಲಿ ಏನೂ ಇರಲಿಲ್ಲ.